ಐದು ಗ್ರಾಂ ಹಾಕಿದೆ, ಎರಡು ಗ್ರಾಂ ಕೂಡ ಬರಲಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಎಂ.ಎಸ್ಸಿ. ರಸಾಯನಶಾಸ್ತ್ರ ಮೊದಲ ವರ್ಷದ ವಿದ್ಯಾರ್ಥಿ, ಸಾಗರದ ಕಡೆಯವನು. ಪ್ರಾಕ್ಟಿಕಲ್‌ನಲ್ಲಿ ಅನಿಲೀನ್‌ನಿಂದ ಅಸಿಟನಿಲೈಡ್ ತಯಾರಿಸಿ, ನೀರಿನಲ್ಲಿ ರೀಕ್ರಿಸ್ಟಲೈಸ್ ಮಾಡಿದೆ, ಅಂದರೆ ಶುದ್ಧವಾಗಲೆಂದು ಬಿಸಿನೀರಿನಲ್ಲಿ ಕರಗಿಸಿ, ತಣಿಸಿ ಮತ್ತೆ ಹರಳು ತೆಗೆದೆ. ವ್ಯಾಕ್ಯೂಮ್ ಹಾಕಿ ಸೋಸುವ ಬುಕ್ನರ್ ಫನಲ್‌ನಿಂದ ತೆಗೆದ ಕಚ್ಚಾ ಪುಡಿ 5 ಗ್ರಾಂ ಇತ್ತು. ಕುದಿಸುವಾಗ ತಳದಲ್ಲಿ ಎಣ್ಣೆಯಂಥ ಹನಿಗಳು ಕಂಡವು; ಅವು ಹೋಗುವವರೆಗೆ ನೀರು ಹಾಕಿದೆ. ಆಮೇಲೂ ಕೆಲವು ಕಂದು ಚೂರುಗಳು ಉಳಿದಿದ್ದರಿಂದ ಅವೂ ಕರಗಲೆಂದು ಹಾಕುತ್ತಾ ಹೋಗಿ ಒಟ್ಟು 250 ಮಿ.ಲೀ. ಆಯಿತು. ಬಣ್ಣ ಹೀರಲೆಂದು ಒಂದು ಚಮಚ ಚಾರ್ಕೋಲ್ (ಇದ್ದಿಲ ಪುಡಿ) ಹಾಕಿದಾಗ ಉಕ್ಕಿ ಸ್ವಲ್ಪ ಚೆಲ್ಲಿತು. ಸೋಸುವಾಗ ಫನಲ್‌ನಲ್ಲೇ ಹರಳು ಕಟ್ಟಿತು. ಫ್ಲಾಸ್ಕನ್ನು ನೇರ ಐಸ್‌ನಲ್ಲಿಟ್ಟು, ಬಂದ ಹರಳನ್ನು 100 ಮಿ.ಲೀ. ಕೊಳಾಯಿ ನೀರಿನಿಂದ ತೊಳೆದೆ. ಸಿಕ್ಕಿದ್ದು 1.9 ಗ್ರಾಂ. ಮೆಲ್ಟಿಂಗ್ ಪಾಯಿಂಟ್ 104ರಿಂದ 110 ಡಿಗ್ರಿ. ಪುಸ್ತಕದಲ್ಲಿ 114 ಅಂತಿದೆ. ಇನ್ನೂ ಶುದ್ಧವಾಗಲಿ ಎಂದು ಅದನ್ನೇ ಮತ್ತೆ 400 ಮಿ.ಲೀ. ನೀರಿನಲ್ಲಿ ಕರಗಿಸಿ ತಣಿಸಿದೆ. ಈ ಸಲ ಒಂದು ಹರಳೂ ಬರಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ:

ಮೊದಲು ಒಂದು ಮಾತು. ಆ 400 ಮಿ.ಲೀ. ಇನ್ನೂ ಫ್ಲಾಸ್ಕಿನಲ್ಲೇ ಇದ್ದರೆ ದಯವಿಟ್ಟು ಸಿಂಕಿಗೆ ಸುರಿಯಬೇಡಿ. ನಿಮ್ಮ ಅಸಿಟನಿಲೈಡ್ ಎಲ್ಲೂ ಹೋಗಿಲ್ಲ, ಅದರಲ್ಲೇ ಇದೆ. ಯಾಕೆ ಅಂತ ಈಗ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು, ನೀವು ಪ್ರತಿಯೊಂದಕ್ಕೂ ಅಳತೆ ಬರೆದಿದ್ದೀರಿ. ಸಾಮಾನ್ಯವಾಗಿ ‘ಇಳುವರಿ ಕಡಿಮೆ ಬಂತು ಮೇಡಂ’ ಅಂತಷ್ಟೇ ಹೇಳುತ್ತಾರೆ. ಎಷ್ಟು ನೀರು ಹಾಕಿದಿರಿ ಅಂದರೆ ‘ಬೇಕಾದಷ್ಟು’ ಅನ್ನುತ್ತಾರೆ. ನಿಮ್ಮ ಅಂಕಿಗಳು ಇರುವುದರಿಂದ ಕಳೆದುಹೋದ ಮೂರು ಗ್ರಾಂ ಎಲ್ಲಿದೆ ಅಂತ ಇಲ್ಲಿ ಕೂತೇ ಹುಡುಕಬಹುದು.

ನೆನಪಿಡಬೇಕಾದ್ದು ಎರಡೇ ಅಂಕಿ. 100 ಮಿ.ಲೀ. ಕುದಿಯುವ ನೀರು ಸುಮಾರು 5 ಗ್ರಾಂ ಅಸಿಟನಿಲೈಡನ್ನು ಕರಗಿಸಿಕೊಳ್ಳುತ್ತದೆ. ಅದೇ 100 ಮಿ.ಲೀ. ಕೋಣೆಯ ಬಿಸಿಗೆ ಇಳಿದ ಮೇಲೆ ಸುಮಾರು ಅರ್ಧ ಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ನಿಮಗೆ ಹರಳಾಗಿ ಸಿಗುವುದು. ಅರ್ಧ ಗ್ರಾಂ ಅನ್ನುವುದು ನೀರಿಗೆ ನಾವು ಕಟ್ಟುವ ಸುಂಕ. ಪ್ರತಿ 100 ಮಿ.ಲೀ.ಗೂ ಕಟ್ಟಲೇಬೇಕು, ವಿನಾಯಿತಿ ಇಲ್ಲ.

ಈಗ ಲೆಕ್ಕ. ನೀವು 5 ಗ್ರಾಂ ಅಂತ ತೂಗಿದ್ದು ಬುಕ್ನರ್‌ನಿಂದ ಆಗಷ್ಟೇ ತೆಗೆದ ಪುಡಿ. ಅದು ಕೈಗೆ ಒಣಗಿದ ಹಾಗೆ ಅನಿಸುತ್ತದೆ, ಆದರೆ ಅದರಲ್ಲಿ ಐದನೇ ಒಂದು ಭಾಗ ನೀರೇ ಇದ್ದರೂ ನನಗೆ ಆಶ್ಚರ್ಯವಿಲ್ಲ. ಅಂದರೆ ನಿಮ್ಮ ಹತ್ತಿರ ಮೊದಲಿಗೇ ಇದ್ದದ್ದು 4 ಗ್ರಾಂ ಆಸುಪಾಸು. 250 ಮಿ.ಲೀ. ನೀರು ಹಿಡಿದಿಟ್ಟುಕೊಂಡದ್ದು ಸುಮಾರು 1.25 ಗ್ರಾಂ, ಐಸ್‌ನಲ್ಲಿ ಇಟ್ಟದ್ದರಿಂದ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ತೊಳೆಯಲು ಸುರಿದ 100 ಮಿ.ಲೀ. ಕೊಳಾಯಿ ನೀರು ಅರ್ಧ ಗ್ರಾಂವರೆಗೂ ಒಯ್ದಿರುತ್ತದೆ. ಉಳಿಯಿತು 2.25. ನಿಮಗೆ ಸಿಕ್ಕಿದ್ದು 1.9. ನಡುವಿನ 0.35 ಗ್ರಾಂ ಫನಲ್‌ಗೆ ಅಂಟಿದ್ದು, ಚಾರ್ಕೋಲ್ ಹೀರಿದ್ದು, ಉಕ್ಕಿ ಚೆಲ್ಲಿದ್ದು. ತೂಕ ಹೆಚ್ಚುಕಡಿಮೆ ಕೂಡಿಬಂತಲ್ಲ?

ಎರಡನೇ ಸಲದ್ದಂತೂ ಇನ್ನೂ ಸುಲಭ. 400 ಮಿ.ಲೀ. ತಣ್ಣೀರು ಸುಮಾರು 2 ಗ್ರಾಂ ಕರಗಿಸಿಟ್ಟುಕೊಳ್ಳಬಲ್ಲದು. ನೀವು ಹಾಕಿದ್ದು 1.9. ಹರಳು ಬಂದಿದ್ದರೇ ನಾನು ಹುಬ್ಬೇರಿಸಬೇಕಿತ್ತು. ‘ಹೆಚ್ಚು ನೀರು ಹಾಕಿದರೆ ಹೆಚ್ಚು ಶುದ್ಧ’ ಅನ್ನುವುದು ಬಟ್ಟೆ ಒಗೆಯುವ ತರ್ಕ. ಇಲ್ಲಿ ಅದು ನಡೆಯುವುದಿಲ್ಲ. ಅದೇ ನಾಲ್ಕು ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಮುಗಿಸಿ, 10 ಮಿ.ಲೀ. ಐಸ್ ನೀರಿನಲ್ಲಿ ತೊಳೆದಿದ್ದರೆ ಸುಮಾರು 3.4 ಗ್ರಾಂ ಕೈಗೆ ಬರುತ್ತಿತ್ತು.

ನಾನು ಈ ಲೆಕ್ಕ ಕಲಿತದ್ದು ಕಾಲೇಜಿನಲ್ಲಿ ಅಲ್ಲ. ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಲವತ್ತು ಗ್ರಾಂ ಇಂಟರ್ಮೀಡಿಯೆಟ್ಟನ್ನು (ಔಷಧ ತಯಾರಿಕೆಯ ನಡುವಿನ ಹಂತದ ಪದಾರ್ಥ) ರೀಕ್ರಿಸ್ಟಲೈಸ್ ಮಾಡಿ ಹನ್ನೊಂದು ಗ್ರಾಂ ತೆಗೆದೆ. ಬಹಳ ಸುಂದರ ಹರಳು, ಸೂಜಿ ಸೂಜಿಯಾಗಿತ್ತು. ಖುಷಿಯಿಂದ ವಾಚ್ ಗ್ಲಾಸಿನಲ್ಲಿ (ಗಾಜಿನ ಸಣ್ಣ ತಟ್ಟೆ) ಹಾಕಿ ಸೀನಿಯರ್ ಹತ್ತಿರ ತೋರಿಸಲು ಹೋದೆ. ಅವರು ಹರಳಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ‘ಲಿಕರ್ ಎಲ್ಲಿ?’ ಅಂದರು. ಲಿಕರ್, ಅಂದರೆ ಹರಳು ತೆಗೆದ ಮೇಲೆ ಉಳಿಯುವ ದ್ರಾವಣ, ಆಗಲೇ ವೇಸ್ಟ್ ಕ್ಯಾನಿಗೆ ಹೋಗಿಯಾಗಿತ್ತು, ಬೇರೆ ನಾಲ್ಕು ಜನರ ವೇಸ್ಟಿನ ಜೊತೆ. ಇಪ್ಪತ್ತೊಂಬತ್ತು ಗ್ರಾಂ, ಆರು ದಿನದ ಕೆಲಸ. ಆಮೇಲೆ ಮೂವತ್ತು ವರ್ಷ ನಾನು ಹೊಸಬರಿಗೆ ಕೇಳಿದ್ದೂ ಅದೇ ಪ್ರಶ್ನೆ. ಈ ದ್ರಾವಣದ ಪೂರ್ತಿ ಹೆಸರು ಮದರ್ ಲಿಕರ್. ನೀವು ಕಳೆದುಕೊಂಡ ಪದಾರ್ಥವೂ ಅದರಲ್ಲೇ ಇರುತ್ತದೆ, ನೀವು ಕಳೆಯಬೇಕೆಂದಿದ್ದ ಕಲ್ಮಶವೂ ಅದರಲ್ಲೇ. ಹರಳಿನ ತೂಕ ಮತ್ತು ಮೆಲ್ಟಿಂಗ್ ಪಾಯಿಂಟ್ ಎರಡೂ ಸರಿ ಅಂತ ಖಾತ್ರಿಯಾಗುವವರೆಗೆ ಅದಕ್ಕೆ ಲೇಬಲ್ ಹಚ್ಚಿ ಪಕ್ಕಕ್ಕಿಡಿ.

ಇನ್ನು ಎಣ್ಣೆ ಹನಿಗಳ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಮ್ಮ ಭಾಷೆಯೇ ಇಲ್ಲಿ ಒಂದು ಚಿಕ್ಕ ಮೋಸ ಮಾಡುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ ಅನ್ನುತ್ತೇವೆ. ಬೆಣ್ಣೆ ಬಿಸಿಗೆ ಕರಗುತ್ತದೆ ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ಮಾತು, ಆದರೆ ನಡೆಯುವುದು ಬೇರೆ ಬೇರೆ. ಮೊದಲನೆಯದರಲ್ಲಿ ಸಕ್ಕರೆಯ ಅಣುಗಳು ಒಂದೊಂದಾಗಿ ನೀರಿನೊಳಗೆ ಸೇರಿಹೋಗುತ್ತವೆ. ಎರಡನೆಯದರಲ್ಲಿ ಬೆಣ್ಣೆ ಬೆಣ್ಣೆಯಾಗಿಯೇ ಇರುತ್ತದೆ, ಗಟ್ಟಿ ಇದ್ದದ್ದು ದ್ರವವಾಗುತ್ತದೆ ಅಷ್ಟೆ. ನಿಮ್ಮ ಫ್ಲಾಸ್ಕಿನಲ್ಲಿ ಆ ಹೊತ್ತಿನಲ್ಲಿ ಎರಡೂ ‘ಕರಗುವಿಕೆ’ ಒಟ್ಟಿಗೇ ನಡೆಯುತ್ತಿದ್ದವು.

ಒಣ ಅಸಿಟನಿಲೈಡ್ ಬೆಣ್ಣೆಯ ಹಾಗೆ ಕರಗುವುದು 114 ಡಿಗ್ರಿಗೆ. ನೀರು ಕುದಿಯುವುದು 100ಕ್ಕೆ (ಬೆಂಗಳೂರಿನಂಥ ಎತ್ತರದ ಊರಲ್ಲಿ 97ಕ್ಕೇ). ಹಾಗಿದ್ದ ಮೇಲೆ ಕುದಿಯುವ ನೀರಿನಲ್ಲಿ ಅದು ಎಣ್ಣೆಯಾಗಬಾರದಲ್ಲ ಅನ್ನಿಸುತ್ತದೆ. ಆದರೆ ನೀರು ತಾಗಿದ ಅಸಿಟನಿಲೈಡ್ ಸುಮಾರು 83 ಡಿಗ್ರಿಗೇ ಕರಗಿ ಹನಿಯಾಗಿಬಿಡುತ್ತದೆ, ನೀರೇ ಅದಕ್ಕೆ ಕಲ್ಮಶದ ಹಾಗೆ ಕೆಲಸ ಮಾಡುತ್ತದೆ. 83ಕ್ಕಿಂತ ಮೇಲೆ, ನೀರು ಹಿಡಿಸಿಕೊಳ್ಳಲಾರದಷ್ಟು, ಅಂದರೆ ಸುಮಾರು ನೂರಕ್ಕೆ ಐದಕ್ಕಿಂತ ಹೆಚ್ಚು ಅಸಿಟನಿಲೈಡ್ ಇದ್ದರೆ, ಹೆಚ್ಚಿನದು ಎಣ್ಣೆಯಾಗಿ ತಳದಲ್ಲಿ ಕೂರುತ್ತದೆ. ಆ ಎಣ್ಣೆ ಬೇರೇನೂ ಅಲ್ಲ, ಸ್ವಲ್ಪ ನೀರು ಕುಡಿದ ಅಸಿಟನಿಲೈಡೇ.

ಅದನ್ನು ಕಲ್ಮಶ ಅಂದುಕೊಂಡು ಪಿಪೆಟ್‌ನಲ್ಲಿ ಎಳೆದು ಚೆಲ್ಲಿದವರನ್ನು ನಾನು ನೋಡಿದ್ದೇನೆ. ಅಕ್ಕಿ ಚೆಲ್ಲಿ ಕಲ್ಲು ಬೇಯಿಸಿದ ಹಾಗೆ. ಇನ್ನು ಕೆಲವರು ಎಣ್ಣೆ ಇರುವಾಗಲೇ ತಣಿಸಲು ಇಡುತ್ತಾರೆ. ಅದು ತಳದಲ್ಲಿ ಕಂದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅನಿಲೀನ್ ಗಾಳಿ ತಾಗಿ ಹುಟ್ಟಿದ ಬಣ್ಣದ ಕಸ ನೀರಿಗಿಂತ ಆ ಎಣ್ಣೆಯಲ್ಲೇ ಚೆನ್ನಾಗಿ ಬೆರೆಯುವುದರಿಂದ ಕಲ್ಮಶವೆಲ್ಲ ಅದರೊಳಗೇ ಸಿಕ್ಕಿಬೀಳುತ್ತದೆ. ಅದು ಶುದ್ಧೀಕರಣವೇ ಅಲ್ಲ, ಬರೀ ಕಾಯಿಸಿ ತಣಿಸಿದ ಹಾಗಾಯಿತು. ಎಣ್ಣೆ ಮಾಯವಾಗುವವರೆಗೆ ನೀರು ಹಾಕಿ ನೀವು ಮಾಡಿದ್ದು ನೂರಕ್ಕೆ ನೂರು ಸರಿ.

ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಉಳಿದ ಕಂದು ಚೂರುಗಳು ಅಸಿಟನಿಲೈಡ್ ಅಲ್ಲ. ಅವಕ್ಕೆ ಒಂದು ಲೀಟರ್ ನೀರು ಹಾಕಿದರೂ ಅವು ಹಾಗೇ ಇರುತ್ತವೆ. ಪರೀಕ್ಷೆ ಸರಳ: 5 ಮಿ.ಲೀ. ಕುದಿಯುವ ನೀರು ಹಾಕಿ, ಫ್ಲಾಸ್ಕನ್ನು ಆಡಿಸಿ, ಬೆಳಕಿಗೆ ಹಿಡಿದು ನೋಡಿ. ಅಸಿಟನಿಲೈಡ್ ಆಗಿದ್ದರೆ ಕಣ್ಣೆದುರೇ ಕಡಿಮೆಯಾಗಬೇಕು. ಎಣ್ಣೆಯಾಗಿದ್ದರೆ ಹನಿ ಹೊಳೆಯುತ್ತದೆ, ಆಡಿಸಿದಾಗ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಎರಡು ಸಲ ಹಾಕಿದರೂ ಇದ್ದ ಹಾಗೇ ಇದೆ ಅಂದರೆ ಅದು ಕಸ. ಅದು ಸೋಸುವ ಕಾಗದದ ಪಾಲಿನದು, ನೀರಿನ ಪಾಲಿನದಲ್ಲ. ದ್ರಾವಕ ಹೆಚ್ಚಾಗುವ ತಪ್ಪು ಹತ್ತರಲ್ಲಿ ಎಂಟು ಸಲ ಹೀಗೇ, ಕರಗದೇ ಇರುವುದನ್ನು ಕರಗಿಸಲು ಹೋಗಿ ಆಗುವುದು.

ಚಾರ್ಕೋಲ್. ಒಂದು ಚಮಚ ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ನಿಮಗೆ ಬೇಕಿದ್ದದ್ದು ಪುಡಿಯ ತೂಕದ ನೂರಕ್ಕೆ ಒಂದೆರಡು ಭಾಗ, ಅಂದರೆ 50ರಿಂದ 100 ಮಿಲಿಗ್ರಾಂ. ಸ್ಪ್ಯಾಚುಲಾದ ತುದಿಯಲ್ಲಿ ನಿಲ್ಲುವಷ್ಟು. ಚಾರ್ಕೋಲ್‌ಗೆ ಬಣ್ಣ ಯಾವುದು, ನಿಮ್ಮ ಅಸಿಟನಿಲೈಡ್ ಯಾವುದು ಅಂತ ಭೇದವಿಲ್ಲ. ಬೆಂಜೀನ್ ಉಂಗುರ ಇರುವ ಚಪ್ಪಟೆ ಅಣುಗಳೆಂದರೆ ಅದಕ್ಕೆ ಬಲು ಇಷ್ಟ, ಎರಡನ್ನೂ ಹೀರುತ್ತದೆ. ಉಕ್ಕಿದ್ದು ಯಾಕೆಂದರೆ, ಚಾರ್ಕೋಲ್‌ನ ಸಾವಿರಾರು ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಕುದಿಯುವ ಬಿಸಿಯಲ್ಲಿರುವ ನೀರಿಗೆ ಅದನ್ನು ಹಾಕಿದರೆ ಪ್ರತಿ ರಂಧ್ರದಿಂದಲೂ ಒಮ್ಮೆಲೇ ಗುಳ್ಳೆ ಏಳುತ್ತದೆ. ಉರಿಯಿಂದ ಇಳಿಸಿ, ಒಂದೆರಡು ನಿಮಿಷ ಕಾದು, ಕುದಿ ಪೂರ್ತಿ ನಿಂತ ಮೇಲೆ ಹಾಕಬೇಕು. ಆಮೇಲೆ ಮತ್ತೆ ಕುದಿಗೆ ತರಬೇಕು. ದ್ರಾವಣಕ್ಕೆ ಬಣ್ಣವೇ ಇಲ್ಲದಿದ್ದರೆ ಚಾರ್ಕೋಲಿನ ಡಬ್ಬಿ ಕಪಾಟಿನಲ್ಲೇ ಇರಲಿ. ‘ಪ್ರೊಸೀಜರ್‌ನಲ್ಲಿ ಬರೆದಿದೆ’ ಎಂಬ ಒಂದೇ ಕಾರಣಕ್ಕೆ ಬೆಳ್ಳಗಿನ ಪದಾರ್ಥಕ್ಕೆ ಮಸಿ ಬಳಿದು, ಆಮೇಲೆ ಆ ಮಸಿಯನ್ನು ಸೋಸಲು ಅರ್ಧ ಗಂಟೆ ಒದ್ದಾಡುವುದನ್ನು ಎಷ್ಟು ಲ್ಯಾಬುಗಳಲ್ಲಿ ನೋಡಿದ್ದೇನೋ.

ಬಿಸಿಯಾಗಿ ಸೋಸುವುದಕ್ಕೂ ಇದೇ ಮಾತು. ತಿಳಿಯಾಗಿದ್ದರೆ ಸೋಸಲೇ ಬೇಡಿ. ಸೋಸಲೇಬೇಕಾದಾಗ ಹರಳು ಫನಲ್‌ನಲ್ಲಿ ಕಟ್ಟುವುದು ಮೂರು ಕಾರಣಕ್ಕೆ: ಫನಲ್ ತಣ್ಣಗಿರುತ್ತದೆ, ಅದರ ಕಾಲು ಉದ್ದವಿರುತ್ತದೆ, ದ್ರಾವಣ ತೀರಾ ತುಂಬಿಕೊಂಡಿರುತ್ತದೆ. ಕಾಲಿಲ್ಲದ ಅಥವಾ ಗಿಡ್ಡ ಕಾಲಿನ ಫನಲ್ ತೆಗೆದುಕೊಳ್ಳಿ. ಕಾಗದವನ್ನು ಬೀಸಣಿಗೆಯ ಹಾಗೆ ನೆರಿಗೆ ನೆರಿಗೆಯಾಗಿ ಮಡಚಿ. ಕೆಳಗಿನ ಫ್ಲಾಸ್ಕಿನಲ್ಲಿ ಎರಡು ಚಮಚ ನೀರು ಹಾಕಿ ಕುದಿಸುತ್ತಿರಿ, ಅದರ ಹಬೆಯೇ ಫನಲನ್ನು ಬಿಸಿಯಾಗಿಡುತ್ತದೆ. ದ್ರಾವಣಕ್ಕೆ ಐದನೇ ಒಂದು ಭಾಗ ಹೆಚ್ಚಿಗೆ ನೀರು ಹಾಕಿಕೊಂಡು ಸೋಸಿ, ಆಮೇಲೆ ಆ ಹೆಚ್ಚಿನದನ್ನು ಕುದಿಸಿ ತೆಗೆದುಬಿಡಿ. ‘ತೆಗೆದುಬಿಡಿ’ ಅನ್ನುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಇಷ್ಟಾದರೂ ಕಾಗದದ ಮೇಲೆ ಹರಳು ಕಟ್ಟಿದರೆ, ಕೆಲವೇ ಹನಿ ಕುದಿಯುವ ನೀರಿನಿಂದ ಅದನ್ನು ಕೆಳಗಿಳಿಸಿ.

ಐಸ್‌ಗೆ ಅವಸರ ಮಾಡಿದ್ದೀರಿ. ಮನೆಯಲ್ಲಿ ತುಪ್ಪ ಕಾಯಿಸುವುದನ್ನು ನೋಡಿರುತ್ತೀರಿ. ಕಾಯಿಸಿದ ತುಪ್ಪವನ್ನು ಒಲೆಕಟ್ಟೆಯ ಮೇಲೆ ಮುಚ್ಚಿಟ್ಟು ತಾನಾಗಿ ಆರಲು ಬಿಟ್ಟರೆ ಮರುದಿನ ಮರಳು ಮರಳಾಗಿರುತ್ತದೆ. ಅದನ್ನೇ ಬಿಸಿಯಾಗಿದ್ದಾಗ ಫ್ರಿಜ್ಜಿಗೆ ತಳ್ಳಿದರೆ ನುಣುಪಾಗಿ ಮೇಣದ ಹಾಗೆ ಹೆಪ್ಪುಗಟ್ಟುತ್ತದೆ. ಹರಳು ಬೆಳೆಯುವುದೆಂದರೆ ಅಣುಗಳು ಅದರ ಮೈಮೇಲೆ ಬಂದು ಕೂರುವುದು, ಸರಿಹೊಂದದಿದ್ದರೆ ಎದ್ದು ಹೋಗುವುದು, ಮತ್ತೊಂದು ಬರುವುದು. ಅಸಿಟನಿಲೈಡ್ ಅಣುವಿಗೆ ಆ ಜಾಗ ಸರಿಯಾಗಿ ಒಪ್ಪುತ್ತದೆ, ಕಲ್ಮಶಕ್ಕೆ ಒಪ್ಪುವುದಿಲ್ಲ, ಅದು ಎದ್ದು ದ್ರಾವಣಕ್ಕೆ ಮರಳುತ್ತದೆ. ಶುದ್ಧೀಕರಣ ಅಂದರೆ ಇದೇ. ಐಸ್‌ನಲ್ಲಿ ಮುಳುಗಿಸಿದರೆ ಕಲ್ಮಶಕ್ಕೆ ಎದ್ದು ಹೋಗಲು ಪುರಸೊತ್ತೇ ಸಿಗುವುದಿಲ್ಲ, ಮೇಲೆ ಇನ್ನೊಂದು ಪದರ ಬಂದು ಮುಚ್ಚಿಬಿಡುತ್ತದೆ.

ಫ್ಲಾಸ್ಕನ್ನು ಕಡಪಾ ಕಲ್ಲಿನ ಬೆಂಚಿನ ಮೇಲೆ ನೇರ ಇಡಬೇಡಿ, ಕಲ್ಲು ಬಿಸಿಯನ್ನು ಸರಸರ ಎಳೆದುಕೊಳ್ಳುತ್ತದೆ. ಮಡಚಿದ ಬಟ್ಟೆಯ ಮೇಲಿಟ್ಟು ವಾಚ್ ಗ್ಲಾಸ್ ಮುಚ್ಚಿ ಅರ್ಧ ಗಂಟೆ ಬಿಡಿ. ಪದೇ ಪದೇ ಎತ್ತಿ ನೋಡುವ ಚಪಲ ಬೇಡ. ಅಸಿಟನಿಲೈಡ್ ಆದರೆ ಹೊಳೆಯುವ ತೆಳು ಎಲೆಗಳ ಹಾಗೆ ಬರುತ್ತದೆ, ನೋಡಲು ಚೆಂದ. ಕೈಗೆ ಬೆಚ್ಚಗೂ ಅನಿಸದಷ್ಟು ಆರಿದ ಮೇಲೆ ಐಸ್‌ನಲ್ಲಿ ಕಾಲು ಗಂಟೆ. ಹಾಗಂತ ರಾತ್ರಿಯಿಡೀ ಥರ್ಮಾಸ್‌ನಲ್ಲಿಟ್ಟು ಹೆಬ್ಬೆರಳು ಗಾತ್ರದ ಹರಳು ಬೆಳೆಸುವ ಹುಚ್ಚೂ ಬೇಡ. ತೀರಾ ದೊಡ್ಡ ಹರಳುಗಳ ಒಳಗೆ ಸಣ್ಣ ಪೊಟರೆಗಳಾಗಿ ಮದರ್ ಲಿಕರ್ ಸಿಕ್ಕಿಕೊಂಡಿರುತ್ತದೆ, ಅದನ್ನು ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ಮಧ್ಯಮ ಗಾತ್ರದ್ದೇ ಒಳ್ಳೆಯದು.

ನಿಮ್ಮ ಎರಡನೇ ಸಲದ್ದು ನೀರು ಹೆಚ್ಚಾದ ಪ್ರಕರಣ. ಆದರೆ ಅಳತೆ ಸರಿ ಇದ್ದೂ ಹರಳು ಬಾರದೆ ಸತಾಯಿಸುವುದುಂಟು. ದ್ರಾವಣ ಮಿತಿಮೀರಿ ತುಂಬಿಕೊಂಡಿರುತ್ತದೆ, ಮೊದಲ ಹರಳು ಹುಟ್ಟಲು ಒಂದು ನೆಪ ಬೇಕಿರುತ್ತದೆ. ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ದ್ರಾವಣದ ಮಟ್ಟದಲ್ಲಿ ಕೆರೆಯಿರಿ. ಅದಕ್ಕಿಂತ ನಂಬಿಕೆಯ ದಾರಿ ಬೀಜ ಹಾಕುವುದು: ಕಚ್ಚಾ ಪುಡಿಯ ಒಂದು ಚಿಟಿಕೆಯನ್ನು ಮೊದಲೇ ತೆಗೆದಿಟ್ಟಿದ್ದರೆ ಅದರ ಒಂದೆರಡು ಕಣ. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಪ್ಯಾನ್‌ನಲ್ಲಿ ಕುದಿಯುವ ಪಾಕಕ್ಕೆ ಸರಿಯಾದ ಹದದಲ್ಲಿ ಸಕ್ಕರೆಯ ಸಣ್ಣ ಬೀಜ ಕೊಡುತ್ತಾರಲ್ಲ, ಕಲ್ಲುಸಕ್ಕರೆಗೆ ಪಾಕದಲ್ಲಿ ದಾರ ಇಳಿಬಿಡುತ್ತಾರಲ್ಲ, ಅದೇ ಕೆಲಸ. ಹದ ನೋಡಿ ಹಾಕಬೇಕು. ಬಿಸಿ ಹೆಚ್ಚಿದ್ದರೆ ಬೀಜವೇ ಕರಗಿಹೋಗುತ್ತದೆ. ತೀರಾ ತಣ್ಣಗಾದ ಮೇಲೆ ಹಾಕಿದರೆ ಇಡೀ ಫ್ಲಾಸ್ಕು ಒಂದೇ ಉಸಿರಿಗೆ ಗಂಜಿಯಾಗುತ್ತದೆ, ಐಸ್‌ನಲ್ಲಿ ಮುಳುಗಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ.

ತೊಳೆಯುವುದಕ್ಕೆ 100 ಮಿ.ಲೀ. ಅಂದರೆ ಅದು ಸ್ನಾನ. ಹರಳಿನ ಮೈಗೆ ಅಂಟಿದ ಮದರ್ ಲಿಕರಿನ ಪದರವನ್ನು ತಳ್ಳಿದರೆ ಸಾಕು. ಮೊದಲು ವ್ಯಾಕ್ಯೂಮ್ ಬಿಡಿಸಿ. ಎಳೆಯುತ್ತಿರುವಾಗಲೇ ನೀರು ಸುರಿದರೆ ಅದು ಸಿಕ್ಕಿದ ಬಿರುಕಿನಲ್ಲಿ ಇಳಿದುಹೋಗುತ್ತದೆ, ಹರಳಿಗೆ ತಾಗುವುದೇ ಇಲ್ಲ. ಐಸ್‌ನಲ್ಲಿಟ್ಟ 5 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ, ಹರಳೆಲ್ಲ ನೆನೆಯಲಿ, ಆಮೇಲೆ ಎಳೆಯಿರಿ. ಇನ್ನೊಮ್ಮೆ ಹಾಗೇ. ಫ್ಲಾಸ್ಕಿನ ತಳದಲ್ಲಿ ಉಳಿದ ಹರಳನ್ನು ಹೊಸ ನೀರಿನಿಂದ ಜಾಲಾಡಿಸುವ ಬದಲು, ಕೆಳಗೆ ಬಂದ ಮದರ್ ಲಿಕರನ್ನೇ ಸ್ವಲ್ಪ ವಾಪಸ್ ಹಾಕಿ ಜಾಲಾಡಿಸಿ, ತೊಳೆಯುವ ಮೊದಲು. ಅದು ಈಗಾಗಲೇ ಹೊಟ್ಟೆ ತುಂಬಾ ಉಂಡಿದೆ, ಇನ್ನು ಕರಗಿಸಿಕೊಳ್ಳಲು ಅದಕ್ಕೆ ಜಾಗವಿಲ್ಲ.

ಈಗ 104ರಿಂದ 110. ಕಲ್ಮಶವಿದ್ದರೆ ಕಡಿಮೆ ಬಿಸಿಗೇ ಕರಗುತ್ತದೆ, ಅದಕ್ಕೇ ಅಸಿಟನಿಲೈಡ್ ಅಶುದ್ಧ ಅಂತ ನೀವು ತೀರ್ಮಾನಿಸಿಬಿಟ್ಟಿದ್ದೀರಿ. ನನಗೆ ಅಷ್ಟು ಧೈರ್ಯವಿಲ್ಲ. ಮೇಲೆ ಹೇಳಿದ 83 ಡಿಗ್ರಿ ನೆನಪು ಮಾಡಿಕೊಳ್ಳಿ: ನೀರು ತಾಗಿದ ಅಸಿಟನಿಲೈಡ್ ಬೇಗ ಕರಗುತ್ತದೆ. ಸಾಗರದ ಕಡೆ ಮಳೆಗಾಲದಲ್ಲಿ ಸೋಸುವ ಕಾಗದದ ಮೇಲೆ ಹರಡಿ ಒಂದು ಗಂಟೆ ಬಿಟ್ಟರೆ ಒಣಗುವುದೆಂದರೇನು? ನಿಮ್ಮ ಊರಲ್ಲಿ ಹಪ್ಪಳವೇ ಒಣಗುವುದಿಲ್ಲ. ನೀವು ಕೆಪಿಲ್ಲರಿಗೆ (ಮೆಲ್ಟಿಂಗ್ ಪಾಯಿಂಟ್ ನೋಡುವ ಸಪೂರ ಗಾಜಿನ ನಳಿಕೆ) ತುಂಬಿದ್ದು ತೇವದ ಪುಡಿ ಅಂತಲೇ ನನ್ನ ಅನುಮಾನ. ಹಾಗಿದ್ದರೆ ಎರಡನೇ ರೀಕ್ರಿಸ್ಟಲೈಸೇಶನ್ ಬೇಕಾಗಿರಲೇ ಇಲ್ಲ.

ರಾತ್ರಿಯಿಡೀ ಡೆಸಿಕೇಟರ್‌ನಲ್ಲಿಡಿ, ಆದರೆ ಅದರೊಳಗೆ ತೇವ ಹೀರಲು ಇಟ್ಟ ಕ್ಯಾಲ್ಸಿಯಂ ಕ್ಲೋರೈಡ್ ಮೊದಲು ನೋಡಿ. ಅದೇ ನೀರೊಡೆದು ಅಂಟಂಟಾಗಿದ್ದರೆ, ಅಥವಾ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ, ಡೆಸಿಕೇಟರ್ ಬರೀ ಗಾಜಿನ ಡಬ್ಬಿ. ಓವನ್ ಬಳಸುವುದಾದರೆ 60 ಡಿಗ್ರಿ ದಾಟಿಸಬೇಡಿ. ‘ಮೆಲ್ಟಿಂಗ್ ಪಾಯಿಂಟ್ 114 ಇದೆಯಲ್ಲ, 100ರಲ್ಲಿ ಇಡೋಣ’ ಅಂತ ಒದ್ದೆ ಹರಳನ್ನು ಇಟ್ಟರೆ ಬೆಳಿಗ್ಗೆ ವಾಚ್ ಗ್ಲಾಸಿಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ. ಕಾರಣ ಅದೇ 83. ಒಣಗಿದ ಮೇಲೆ ಕೆಪಿಲ್ಲರಿಯಲ್ಲಿ ಎರಡು ಮೂರು ಮಿ.ಮೀ. ಎತ್ತರಕ್ಕೆ ಒತ್ತಾಗಿ ತುಂಬಿ, 100 ಡಿಗ್ರಿಯವರೆಗೆ ಬೇಗ ಹೋಗಿ, ಆಮೇಲೆ ನಿಮಿಷಕ್ಕೆ ಒಂದೆರಡು ಡಿಗ್ರಿಯಷ್ಟೇ ಏರಿಸಿ. ಪಕ್ಕದಲ್ಲೇ ಬಾಟಲಿಯ ಶುದ್ಧ ಅಸಿಟನಿಲೈಡ್ ತುಂಬಿದ ಇನ್ನೊಂದು ಕೆಪಿಲ್ಲರಿ ಕಟ್ಟಿ. ಅದೂ 111ಕ್ಕೇ ಕರಗಿದರೆ ತಪ್ಪು ಥರ್ಮಾಮೀಟರಿನದು. ಕಾಲೇಜು ಲ್ಯಾಬಿನ ಥರ್ಮಾಮೀಟರುಗಳ ಮೇಲೆ ನನಗೆ ಅಂಥ ಭಕ್ತಿ ಏನಿಲ್ಲ. ಒಣಗಿದ್ದೂ ಎರಡು ಡಿಗ್ರಿಗಿಂತ ಹೆಚ್ಚು ಹರವಿನಲ್ಲಿ ಕರಗಿದರೆ ಆಗ ಅದು ಕಲ್ಮಶ, ಮತ್ತೆ ರೀಕ್ರಿಸ್ಟಲೈಸ್ ಮಾಡಲೇಬೇಕು. ಹಾಂ, ಮುಟ್ಟಿದ ಕೈ ತೊಳೆದುಕೊಳ್ಳಿ. 1886ರಲ್ಲಿ ಇದನ್ನು ‘ಆಂಟಿಫೆಬ್ರಿನ್’ ಅಂತ ಜ್ವರದ ಔಷಧಿಯಾಗಿ ತಂದರು. ರಕ್ತದ ಹಿಮೋಗ್ಲೋಬಿನ್ ಕೆಡಿಸಿ ಮೈ ನೀಲಿಗಟ್ಟಿಸುತ್ತದೆಂದು ತಿಳಿದ ಮೇಲೆ ನಿಧಾನವಾಗಿ ಬಳಕೆ ತಪ್ಪಿತು.

ನೀರು ಬಿಟ್ಟು ಬೇರೆ ದ್ರಾವಕಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ತಿಂಗಳು ಬೇಕಾಗುತ್ತದೆ. ಹೊಸ ಪದಾರ್ಥಕ್ಕೆ ದ್ರಾವಕ ಆರಿಸುವಾಗ ಇಡೀ ಪುಡಿಯನ್ನು ಪಣಕ್ಕಿಡಬೇಡಿ. ಟೆಸ್ಟ್ ಟ್ಯೂಬಿನಲ್ಲಿ 100 ಮಿಲಿಗ್ರಾಂ ಪುಡಿ, 1 ಮಿ.ಲೀ. ದ್ರಾವಕ. ತಣ್ಣಗಿದ್ದಾಗಲೇ ಕರಗಿದರೆ ಬೇಡ, ಕುದಿಸಿದರೂ ಕರಗದಿದ್ದರೂ ಬೇಡ. ದ್ರಾವಕ ಪದಾರ್ಥದ ಜೊತೆ ರಾಸಾಯನಿಕವಾಗಿ ಜಗಳಕ್ಕಿಳಿಯಬಾರದು: ಆಸ್ಪಿರಿನ್ನನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಫೆರಿಕ್ ಕ್ಲೋರೈಡ್ ಹಾಕಿದ ತಕ್ಷಣ ನೇರಳೆ ಬಣ್ಣ ಬಂದು ಗುಟ್ಟು ಹೊರಬೀಳುತ್ತದೆ. ಎರಡು ದ್ರಾವಕ ಬೆರೆಸುವುದಾದರೆ ಅವು ಒಂದರಲ್ಲೊಂದು ಬೆರೆಯಬೇಕು. ಮೆಥನಾಲ್ ಮತ್ತು ಹೆಕ್ಸೇನ್ ಬೆರೆಸಿ, ಎರಡು ಪದರ ನೋಡಿ ‘ಎಣ್ಣೆ ಬಂತು’ ಅಂತ ಓಡಿಬಂದ ಹುಡುಗಿಯೊಬ್ಬಳು ನನಗೆ ನೆನಪಿದ್ದಾಳೆ. ಮತ್ತೆ ಅಸಿಟೋನ್, ಹೆಕ್ಸೇನ್, ಸ್ಪಿರಿಟ್ ಯಾವುದನ್ನೂ ಬರ್ನರ್ ಮೇಲೆ ಇಡಬೇಡಿ. ಅವುಗಳ ಆವಿ ಗಾಳಿಗಿಂತ ಭಾರ, ಬೆಂಚಿನ ಮೇಲೆ ತೆವಳಿಕೊಂಡು ಹೋಗಿ ಪಕ್ಕದವರ ಉರಿಯನ್ನು ಹುಡುಕಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಅಥವಾ ಹಾಟ್ ಪ್ಲೇಟ್ ಮೇಲೆ ಕಾಯಿಸಿ.

ಎಲ್ಲ ಸರಿ ಮಾಡಿದರೂ ಒಂದು ಸಲಕ್ಕೆ ಶುದ್ಧವಾಗದ ಪದಾರ್ಥಗಳಿವೆ. ಕಲ್ಮಶದ ಅಣುವೂ ನಿಮ್ಮ ಅಣುವಿನ ಆಕಾರದ್ದೇ ಆಗಿದ್ದರೆ ಹರಳಿನಲ್ಲಿ ಅದಕ್ಕೂ ಜಾಗ ಸಿಗುತ್ತದೆ. ಮೇರಿ ಕ್ಯೂರಿಗೆ ಎದುರಾದದ್ದು ಇದೇ ಕಷ್ಟ. ಬೇರಿಯಂ ಕ್ಲೋರೈಡ್ ಮತ್ತು ರೇಡಿಯಂ ಕ್ಲೋರೈಡ್ ಒಂದೇ ಅಚ್ಚಿನ ಹರಳುಗಳು. ರೇಡಿಯಂನದು ಸ್ವಲ್ಪ ಕಡಿಮೆ ಕರಗುತ್ತದೆ ಅನ್ನುವ ಒಂದೇ ಹಿಡಿಕೆ ಆಕೆಯ ಕೈಲಿತ್ತು. ಹರಳು ತೆಗೆದು, ಕರಗಿಸಿ, ಮತ್ತೆ ಹರಳು ತೆಗೆದು, ಪ್ರತಿ ಮದರ್ ಲಿಕರನ್ನೂ ಹಿಂದಿನ ಹಂತಕ್ಕೆ ಸೇರಿಸುತ್ತಾ, ಟನ್‌ಗಟ್ಟಲೆ ಅದಿರಿನ ಶೇಷದಿಂದ 1902ರ ಹೊತ್ತಿಗೆ ಗ್ರಾಂನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್ ತೆಗೆದರು. ನಿಮ್ಮ ಮುಂದಿನ ಪ್ರಯೋಗ ಬಹುಶಃ ಇದೇ ಅಸಿಟನಿಲೈಡಿನ ನೈಟ್ರೇಶನ್ ಇರುತ್ತದೆ, ಅಂದರೆ ಅದಕ್ಕೆ ನೈಟ್ರೋ ಗುಂಪು ಸೇರಿಸುವುದು; ಆ ಗುಂಪು ಕೂರುವ ಜಾಗದ ಮೇಲೆ ಪ್ಯಾರಾ, ಆರ್ಥೋ ಎಂಬ ಎರಡು ಪದಾರ್ಥ ಬರುತ್ತವೆ. ಅಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ: ಪ್ಯಾರಾ ನೈಟ್ರೋ ಕರಗುವುದು 216 ಡಿಗ್ರಿಗೆ, ಆರ್ಥೋ 94ಕ್ಕೆ. ಅಷ್ಟು ಬೇರೆ ಬೇರೆ ಸ್ವಭಾವದವು. ಆಲ್ಕೋಹಾಲಿನಲ್ಲಿ ಹಳದಿ ಆರ್ಥೋ ಲಿಕರಿನಲ್ಲೇ ಉಳಿದು, ಪ್ಯಾರಾ ಹರಳಾಗಿ ಬರುತ್ತದೆ.

ನಾಳೆ ಲ್ಯಾಬಿಗೆ ಹೋದಾಗ ಆ 400 ಮಿ.ಲೀ.ಯನ್ನು ಅಗಲ ಬೀಕರಿಗೆ ಹಾಕಿ, ಒಮ್ಮೆಲೇ ಉಕ್ಕದಂತೆ ಎರಡು ಕುದಿಗಲ್ಲು (ಸಣ್ಣ ಕಲ್ಲಿನ ಚೂರು) ಹಾಕಿ, ಫ್ಯೂಮ್ ಹುಡ್‌ನಲ್ಲಿ 60 ಮಿ.ಲೀ.ಗೆ ಇಳಿಯುವವರೆಗೆ ಕುದಿಸಿ. ಕೊನೆಯಲ್ಲಿ ಎಣ್ಣೆ ಹನಿ ಕಂಡರೆ 5 ಮಿ.ಲೀ. ಬಿಸಿನೀರು ಹಾಕಿ. ಬಟ್ಟೆಯ ಮೇಲಿಟ್ಟು ಮುಚ್ಚಿ ತಣಿಸಿ. ಒಂದೂವರೆ ಗ್ರಾಂ ಮೇಲೆ ಬರಬೇಕು. ಮೊದಲ ಸಲದ 250 ಮಿ.ಲೀ. ಲಿಕರೂ ಇನ್ನೂ ಇದ್ದರೆ ಅದನ್ನು ಬೇರೆಯಾಗಿಯೇ 30–40 ಮಿ.ಲೀ.ಗೆ ಕುದಿಸಿಳಿಸಿ, ಅದರಿಂದ ಬರುವುದು ಸ್ವಲ್ಪ ಮಾಸಿದ ಬಣ್ಣದ್ದು, 400 ಮಿ.ಲೀ.ಯಿಂದ ಬಂದ ಹರಳಿನ ಜೊತೆ ಬೆರೆಸಬೇಡಿ, ಅದರ ಮೆಲ್ಟಿಂಗ್ ಪಾಯಿಂಟ್ ಬೇರೆಯಾಗಿ ತೆಗೆಯಿರಿ. ಎರಡೂ ಒಣಗಿದ ಮೇಲೆ ತೂಕ ಎಷ್ಟು ಬಂತು ಅಂತ ಬರೆಯಿರಿ.